ಮುಂಬೈ ಮಾಟುಂಗ: ಕಚೇರಿ ಮಂದಿಗೆ ಊಟ ಹಾಕಿದ ಬಡಾವಣೆ, ಇಂದಿಗೂ ಸಂಜೆ ಕಳೆಯಲು ಸಿಗುವ ಜಾಗಗಳು

ಮುಂಬೈನಲ್ಲಿ ಕೆಲಸ ಮುಗಿದ ಮೇಲೆ ಎಲ್ಲಿಗೆ ಹೋಗುವುದು ಎಂದು ಕೇಳಿದರೆ ಇವತ್ತು ಸಿಗುವ ಉತ್ತರಗಳು ಹೆಚ್ಚುಕಡಿಮೆ ಒಂದೇ. ಲೋವರ್ ಪರೇಲ್‌ನ ಹಳೆಯ ಗಿರಣಿ ಆವರಣಗಳು, ಬಾಂದ್ರಾದ ಪಬ್‌ಗಳು, ಬಿಕೆಸಿ ಎಂದು ಎಲ್ಲರೂ ಕರೆಯುವ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್‌ನ ಗಾಜಿನ ಕಟ್ಟಡಗಳ ರೆಸ್ಟೋರೆಂಟುಗಳು. ಅಲ್ಲಿ ಇಬ್ಬರು ಕೂತು ಎದ್ದರೆ ಬಿಲ್ಲು ಸಾವಿರಗಳಲ್ಲಿ ಬರುವುದು ಮಾಮೂಲು.

ಬಿಕೆಸಿಯಿಂದ ಕೆಲವೇ ಕಿಲೋಮೀಟರ್ ದೂರದ ಮಾಟುಂಗದ ಕಥೆ ಬೇರೆ. ಸುಮಾರು ತೊಂಬತ್ತು ವರ್ಷಗಳಿಂದ ಈ ಬಡಾವಣೆ ಮುಂಬೈನ ಕಚೇರಿ ನೌಕರರಿಗೆ ಊಟ ಹಾಕುತ್ತಿದೆ. ಮೊದಲು ಕೋಟೆ ಪ್ರದೇಶದ ಗುಮಾಸ್ತರು, ಟೈಪಿಸ್ಟರು, ಬ್ಯಾಂಕ್ ನೌಕರರು ಬರುತ್ತಿದ್ದರು. ಈಗ ಸಾಫ್ಟ್‌ವೇರ್, ಹಣಕಾಸು, ಜಾಹೀರಾತು ಕಂಪನಿಗಳವರು ಬರುತ್ತಾರೆ. ಬಡಿಸುವ ಪದಾರ್ಥ ಬಹುತೇಕ ಅದೇ. ಆ ಊಟದ ಹಿಂದಿನ ಕೈಗಳು ಹೆಚ್ಚಾಗಿ ಕರಾವಳಿ ಕರ್ನಾಟಕದವು. ಹಾಗಾಗಿ ಮಾಟುಂಗದ ಹೋಟೆಲುಗಳ ಪಟ್ಟಿ ಕನ್ನಡಿಗರ ವಲಸೆಯ ಚರಿತ್ರೆಯೂ ಹೌದು.

ಪ್ಲೇಗ್ ನಂತರ ಹುಟ್ಟಿದ ಬಡಾವಣೆ

1896ರಲ್ಲಿ ಮುಂಬೈಗೆ ಪ್ಲೇಗ್ ಬಂತು. ಇಕ್ಕಟ್ಟಿನ ಹಳೆಯ ಪೇಟೆಗಳಲ್ಲಿ ಜನ ಸಾವಿರಗಟ್ಟಲೆ ಸತ್ತರು. 1898ರಲ್ಲಿ ಸ್ಥಾಪನೆಯಾದ ಬಾಂಬೆ ಇಂಪ್ರೂವ್‌ಮೆಂಟ್ ಟ್ರಸ್ಟ್, ಊರನ್ನು ಉತ್ತರಕ್ಕೆ ಹರಡುವ ಯೋಜನೆ ಹಾಕಿತು. ದಾದರ್, ಮಾಟುಂಗ, ವಡಾಲಾ, ಸಯನ್ ಭಾಗದ ಗದ್ದೆ-ಬಯಲುಗಳಲ್ಲಿ ಅಗಲ ರಸ್ತೆ, ಮರಗಳ ಸಾಲು, ಉದ್ಯಾನಗಳಿರುವ ಬಡಾವಣೆಗಳನ್ನು ರೂಪಿಸಿತು. ಇವತ್ತು ಕಿಂಗ್ಸ್ ಸರ್ಕಲ್ ಎನ್ನುವ ವೃತ್ತ, ಅದರ ನಡುವಿನ ಮಹೇಶ್ವರಿ ಉದ್ಯಾನ, ಪಕ್ಕದ ಪಾರ್ಸಿ ಕಾಲೊನಿಯ ಫೈವ್ ಗಾರ್ಡನ್ಸ್ ಎಲ್ಲವೂ ಆ ವಿನ್ಯಾಸದ ಫಲ.

1920ರ ದಶಕದ ಕೊನೆಯಿಂದ 40ರ ದಶಕದವರೆಗೆ ಇಲ್ಲಿ ಮೂರು-ನಾಲ್ಕು ಅಂತಸ್ತಿನ ಬಾಡಿಗೆ ಕಟ್ಟಡಗಳು ಎದ್ದವು. ಚಾಳ್‌ಗಳಂತೆ ಸಾಮೂಹಿಕ ಶೌಚಾಲಯ ಇಲ್ಲ, ಪ್ರತಿ ಮನೆಗೂ ಅದರದೇ ಬಚ್ಚಲು, ಅಡುಗೆಕೋಣೆ. ಇಂಗ್ಲಿಷ್ ಬಲ್ಲ, ಶೀಘ್ರಲಿಪಿ ಕಲಿತ ದಕ್ಷಿಣ ಭಾರತೀಯ ನೌಕರರು ಈ ಮನೆಗಳಿಗೆ ಬಂದು ನೆಲೆಸಿದರು. ಇತಿಹಾಸಕಾರ ನಿಖಿಲ್ ರಾವ್ 2013ರಲ್ಲಿ ಪ್ರಕಟಿಸಿದ ಮುಂಬೈ ಉಪನಗರಗಳ ಅಧ್ಯಯನದಲ್ಲಿ ಈ ಫ್ಲಾಟುಗಳು ಮತ್ತು ಅಲ್ಲಿ ನೆಲೆ ಕಂಡ ದಕ್ಷಿಣದ ಮಧ್ಯಮ ವರ್ಗದ ಬಗ್ಗೆ ವಿವರವಾಗಿ ಬರೆದಿದ್ದಾರೆ.

ಹೋಟೆಲುಗಳು ಇಲ್ಲಿ ಬೇರೂರಲು ಇನ್ನೂ ಎರಡು ಕಾರಣಗಳಿದ್ದವು. ಮೊದಲನೆಯದು ರೈಲು: ಸೆಂಟ್ರಲ್ ಮಾರ್ಗದ ಮಾಟುಂಗ, ಹಾರ್ಬರ್ ಮಾರ್ಗದ ಕಿಂಗ್ಸ್ ಸರ್ಕಲ್, ವೆಸ್ಟರ್ನ್ ಮಾರ್ಗದ ಮಾಟುಂಗ ರೋಡ್, ಹೀಗೆ ಮೂರೂ ಮಾರ್ಗಗಳ ನಿಲ್ದಾಣ ನಡಿಗೆಯ ಅಂತರದಲ್ಲಿವೆ. ಎರಡನೆಯದು ವಿದ್ಯಾರ್ಥಿಗಳು. ಇಂದು ವಿಜೆಟಿಐ ಎನ್ನುವ ತಾಂತ್ರಿಕ ಸಂಸ್ಥೆ 1923ರಲ್ಲೂ, ಮುಂಬೈ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ 1943ರಲ್ಲೂ ಮಾಟುಂಗಕ್ಕೆ ಬಂದವು. ರುಯಿಯಾ, ಪೋದಾರ್ ಕಾಲೇಜುಗಳೂ ಹತ್ತಿರದಲ್ಲೇ. ಮನೆಯಲ್ಲಿ ಅಡುಗೆ ಮಾಡಿ ಹಾಕುವವರಿಲ್ಲದ, ಜೇಬಿನಲ್ಲಿ ಹೆಚ್ಚು ಹಣವಿಲ್ಲದ ಯುವಕರ ದೊಡ್ಡ ಗುಂಪೇ ಇಲ್ಲಿ ನೆರೆಯಿತು.

ಬೋರ್ಡಿಂಗ್ ಎಂದರೆ ಏನು?

ಇಂದಿನ ಓದುಗರಿಗೆ 'ಬೋರ್ಡಿಂಗ್' ಎಂದರೆ ವಿಮಾನ ನಿಲ್ದಾಣ ನೆನಪಾಗಬಹುದು. ಹಳೆಯ ಮುಂಬೈನಲ್ಲಿ ಅದು ಊಟದ ಮನೆ. ತಿಂಗಳಿಗೆ ಇಷ್ಟೆಂದು ಹಣ ಕಟ್ಟಿದವರಿಗೆ ದಿನಕ್ಕೆರಡು ಹೊತ್ತು ಊಟ. ಅನ್ನ, ಸಾರು, ಹುಳಿ, ಎರಡು ಪಲ್ಯ, ಮಜ್ಜಿಗೆ, ಹಪ್ಪಳ. ಭಾನುವಾರಕ್ಕೋ ಹಬ್ಬಕ್ಕೋ ಒಂದು ಸಿಹಿ. ಸಂಸಾರವನ್ನು ಊರಲ್ಲಿ ಬಿಟ್ಟು ಬಂದವರಿಗೆ, ಮೂರ್ನಾಲ್ಕು ಮಂದಿ ಸೇರಿ ಕೋಣೆ ಹಿಡಿದಿದ್ದ ಬ್ರಹ್ಮಚಾರಿಗಳಿಗೆ ಇದೇ ಅಡುಗೆಮನೆ. ಮರಾಠಿಗರ ಖಾನಾವಳಿಯ ದಕ್ಷಿಣದ ರೂಪ ಎನ್ನಬಹುದು.

ಇವುಗಳಲ್ಲಿ ಇಂದಿಗೂ ಉಳಿದಿರುವ ಪ್ರಸಿದ್ಧ ಹೆಸರು, ಮಾಟುಂಗ ರೈಲು ನಿಲ್ದಾಣದ ಪೂರ್ವಕ್ಕೆ ಮಾರುಕಟ್ಟೆ ಕಟ್ಟಡದ ಮೊದಲ ಮಹಡಿಯಲ್ಲಿರುವ ಎ. ರಾಮ ನಾಯಕ್ ಅವರ ಉಡುಪಿ ಶ್ರೀ ಕೃಷ್ಣ ಬೋರ್ಡಿಂಗ್. ಉಡುಪಿ ಸೀಮೆಯಿಂದ ಎಳೆಯ ವಯಸ್ಸಿನಲ್ಲೇ ಮುಂಬೈಗೆ ಬಂದ ರಾಮ ನಾಯಕರು ಹೋಟೆಲಿನ ಕೆಳಗಿನ ಕೆಲಸಗಳಿಂದ ಆರಂಭಿಸಿ, 1936ರಲ್ಲಿ ಕೆಫೆ ಮೈಸೂರನ್ನೂ 1942ರಲ್ಲಿ ಈ ಬೋರ್ಡಿಂಗನ್ನೂ ತೆರೆದರು.

1942 ಸುಲಭದ ಕಾಲವಾಗಿರಲಿಲ್ಲ. ಎರಡನೇ ಮಹಾಯುದ್ಧ ನಡೆದಿತ್ತು, ಅಕ್ಕಿ ಸಿಗುವುದು ಕಷ್ಟವಾಗಿತ್ತು. ಮರುವರ್ಷ, 1943ರಲ್ಲಿ, ಮುಂಬೈನಲ್ಲಿ ಪಡಿತರ ಪದ್ಧತಿಯೇ ಜಾರಿಗೆ ಬಂತು. ಅಂಥ ಹೊತ್ತಿನಲ್ಲಿ ಹೊಟ್ಟೆ ತುಂಬ ಊಟ ಹಾಕುವ ವ್ಯವಹಾರಕ್ಕೆ ಇಳಿಯಲು ಧೈರ್ಯ ಬೇಕು.

ಇಲ್ಲಿನ ವ್ಯವಸ್ಥೆ ಈಗಲೂ ಸರಳ. ಗಲ್ಲಾದಲ್ಲಿ ಹಣ ಕೊಟ್ಟು ಟೋಕನ್ ಪಡೆಯಬೇಕು. ತಟ್ಟೆ ಊಟ ಬೇಕೋ, ಬಾಳೆಲೆಯಲ್ಲಿ ಬಡಿಸುವ ಊಟ ಬೇಕೋ ಎಂದು ಅಲ್ಲೇ ಹೇಳಬೇಕು. ಸರದಿ ಬಂದಾಗ ಖಾಲಿ ಇರುವ ಕುರ್ಚಿಯಲ್ಲಿ ಕೂರಬೇಕು. ಎದುರಿಗೆ ಯಾರಿದ್ದಾರೆ ಎಂದು ಆರಿಸುವ ಹಾಗಿಲ್ಲ. ಕಂಪನಿಯೊಂದರ ಮುಖ್ಯಸ್ಥರ ಪಕ್ಕದಲ್ಲಿ ಕಾಲೇಜು ಹುಡುಗ, ಅವನ ಪಕ್ಕದಲ್ಲಿ ಹೂವಿನ ವ್ಯಾಪಾರಿ ಕೂತಿರುವುದು ಇಲ್ಲಿ ವಿಶೇಷವಲ್ಲ. ಗ್ರಾಹಕರು ಬೇಕಿದ್ದರೆ ಅಡುಗೆಮನೆಯನ್ನು ನೋಡಬಹುದು ಎನ್ನುವುದು ಈ ಬೋರ್ಡಿಂಗ್‌ನ ಹಳೆಯ ಹೆಮ್ಮೆ.

ಊಟದ ದರ ಕಡಿಮೆ ಇಟ್ಟೂ ಲಾಭ ಮಾಡುವುದು ಹೇಗೆ? ಉಡುಪಿ ಹೋಟೆಲಿನ ಲೆಕ್ಕ ನಿಂತಿರುವುದು ವೇಗದ ಮೇಲೆ. ಒಂದು ಕುರ್ಚಿಯಲ್ಲಿ ಗಂಟೆಗೆ ಮೂರು ಅಥವಾ ನಾಲ್ಕು ಮಂದಿ ಉಂಡು ಎದ್ದರೆ ಮಾತ್ರ ಅದು ನಡೆಯುತ್ತದೆ. ಹಾಗಾಗಿ ತಿಂಡಿ ಮೊದಲೇ ಸಿದ್ಧವಿರಬೇಕು, ಮಾಣಿ ಬಾಯಿಪಾಠವಾಗಿ ಪಟ್ಟಿ ಒಪ್ಪಿಸಬೇಕು, ಉಂಡವರು ಹರಟೆಗೆ ಕೂರಬಾರದು. ಕಾಫಿ ಕುಡಿದ ಮೇಲೆ ಬಿಲ್ಲು ತಾನಾಗಿಯೇ ಮೇಜಿಗೆ ಬರುತ್ತದೆ. ಹೊಸಬರು ಇದನ್ನು ಒರಟುತನ ಎಂದು ತಿಳಿಯುವುದುಂಟು. ಬಾಗಿಲ ಹೊರಗೆ ಕಾಯುತ್ತಿರುವವರ ಸಾಲನ್ನು ಒಮ್ಮೆ ನೋಡಿದರೆ ಆ ಅವಸರ ಅರ್ಥವಾಗುತ್ತದೆ.

ಮದ್ರಾಸು, ಮೈಸೂರು, ಉಡುಪಿ: ಹೆಸರಿನ ಗೊಂದಲ

ಕಿಂಗ್ಸ್ ಸರ್ಕಲ್ ಬಳಿಯ ಕೆಫೆ ಮದ್ರಾಸ್ 1940ರಿಂದ ನಡೆಯುತ್ತಿದೆ. ಅದನ್ನು ಕಟ್ಟಿದ್ದು ಕರಾವಳಿಯ ಕಾಮತ್ ಕುಟುಂಬ. ಕೆಫೆ ಮೈಸೂರಿನದು ಉಡುಪಿ ಕಡೆಯ ನಾಯಕ್ ಕುಟುಂಬ. ಎರಡೂ ಮನೆಗಳ ಮಾತು ಕೊಂಕಣಿ. ಕರಾವಳಿಯವರು ಮದ್ರಾಸು, ಮೈಸೂರು ಎಂದು ಹೆಸರಿಟ್ಟದ್ದೇಕೆ ಎನ್ನುವ ಪ್ರಶ್ನೆ ಸಹಜ.

ಆಗಿನ ಭೂಪಟ ನೋಡಿದರೆ ಉತ್ತರ ಸಿಗುತ್ತದೆ. 1956ರ ರಾಜ್ಯ ಪುನರ್‌ವಿಂಗಡಣೆಯವರೆಗೆ ದಕ್ಷಿಣ ಕನ್ನಡ ಜಿಲ್ಲೆ ಮದ್ರಾಸ್ ಆಡಳಿತದಲ್ಲಿತ್ತು. ಮುಂಬೈಗನಿಗೆ ವಿಂಧ್ಯದ ಕೆಳಗಿನವರೆಲ್ಲ 'ಮದ್ರಾಸಿ'. ಮೈಸೂರು ಎಂದರೆ ಅರಮನೆ, ಶ್ರೀಗಂಧ, ಕಾಫಿಪುಡಿಯ ಒಳ್ಳೆಯ ಹೆಸರು. ಉಡುಪಿ ಎಂದರೆ ಕೃಷ್ಣಮಠದ ಶುಚಿ ಅಡುಗೆ. ಮೂರೂ ಗಿರಾಕಿಗೆ ಭರವಸೆ ಕೊಡುವ ಪದಗಳು. ತುಳು, ಕೊಂಕಣಿ ಆಡುವ ಮಾಲೀಕರು ಕನ್ನಡದಲ್ಲಿ ಲೆಕ್ಕ ಬರೆದು, ಇಂಗ್ಲಿಷಿನಲ್ಲಿ ಫಲಕ ಹಾಕಿ, ಗುಜರಾತಿ ಗಿರಾಕಿಯ ಜೊತೆ ಬೊಂಬಾಯಿ ಹಿಂದಿಯಲ್ಲಿ ಮಾತಾಡುತ್ತಿದ್ದರು.

ಅದೇ 'ಮದ್ರಾಸಿ' ಹಣೆಪಟ್ಟಿ ಮುಂದೆ ಅಪಾಯ ತಂದಿತು. 1966ರ ಜೂನ್‌ನಲ್ಲಿ ಹುಟ್ಟಿದ ಶಿವಸೇನೆಯ ಮೊದಲ ವರ್ಷಗಳ ಗುರಿ ದಕ್ಷಿಣ ಭಾರತೀಯರಾಗಿದ್ದರು. ಗುಮಾಸ್ತೆ ಕೆಲಸಗಳನ್ನು ಅವರು ಕಿತ್ತುಕೊಳ್ಳುತ್ತಿದ್ದಾರೆ ಎನ್ನುವುದು ಆರೋಪ. ನಗರದ ಹಲವೆಡೆ ಉಡುಪಿ ಹೋಟೆಲುಗಳ ಮೇಲೆ ಕಲ್ಲು ಬಿದ್ದವು. ಕೆಲವರು ಊರಿಗೆ ಮರಳಿದರು, ಹೆಚ್ಚಿನವರು ಉಳಿದರು. ಕಾಲಕ್ರಮದಲ್ಲಿ ಮರಾಠಿ, ಗುಜರಾತಿ ಮನೆಗಳಲ್ಲೂ ಇಡ್ಲಿ-ದೋಸೆ ದಿನದ ತಿಂಡಿಯಾಯಿತು. ಆ ಪ್ರಶ್ನೆ ರಾಜಕೀಯವಾಗಿ ಎಷ್ಟು ಬಗೆಹರಿಯಿತೋ ಏನೋ, ನಾಲಿಗೆಯ ಮಟ್ಟಿಗೆ ಬಗೆಹರಿಯಿತು.

ಎಲ್ಲಿ ಏನು ತಿನ್ನಬೇಕು?

ಬೆಳಗಿನ ಜಾವಕ್ಕೆ ರಾಮ ಆಶ್ರಯ. ಮಾಟುಂಗ ನಿಲ್ದಾಣದ ಪೂರ್ವಕ್ಕೆ ಇರುವ ಈ ಹೋಟೆಲು 1939ರದ್ದು, ಶೆಟ್ಟಿ ಕುಟುಂಬದ್ದು. ಐದು ಗಂಟೆಗೇ ಬಾಗಿಲು ತೆರೆಯುವುದರಿಂದ ಮೊದಲ ಲೋಕಲ್ ಹಿಡಿಯುವವರು, ವಾಕಿಂಗ್ ಮುಗಿಸಿದ ಹಿರಿಯರು, ರಾತ್ರಿ ಪಾಳಿ ಮುಗಿಸಿ ಬಂದವರು ಒಟ್ಟಿಗೆ ಸೇರುತ್ತಾರೆ. ದಿನದ ತಿಂಡಿಗಳನ್ನು ಹಲಗೆಯಲ್ಲಿ ಬರೆದಿರುತ್ತಾರೆ. ಇಲ್ಲಿ ಜನ ಕೇಳಿ ತಿನ್ನುವುದು ಶಿರಾ. ನಮ್ಮ ಕೇಸರಿಬಾತಿನ ಮುಂಬೈ ಹೆಸರು ಅದು. ಅನಾನಸ್ ಶಿರಾ ಅಂತೂ ಹೆಸರುವಾಸಿ.

ಕೆಫೆ ಮದ್ರಾಸಿನ ಹೊರಗೆ ಭಾನುವಾರ ಬೆಳಗ್ಗೆ ರಸ್ತೆಯವರೆಗೂ ಜನ ನಿಂತಿರುತ್ತಾರೆ. ಹೆಸರು ಬರೆಸಿ ಕಾಯಬೇಕು. ರಸಂ ವಡೆ, ರಾಗಿ ದೋಸೆ, ಪೆಸರಟ್ಟು, ನೀರು ದೋಸೆ, ಬೆಣ್ಣೆ-ಪುಡಿ ಹಚ್ಚಿದ ಇಡ್ಲಿ ಇಲ್ಲಿನ ಮೆಚ್ಚಿನ ತಿಂಡಿಗಳು. ಆತುರದವರು ವಾರದ ದಿನ ಮಧ್ಯಾಹ್ನದ ನಂತರ ಹೋಗುವುದು ಒಳಿತು. ಕಾಲು ಗಂಟೆಯಲ್ಲಿ ತಿಂದು ಎದ್ದುಬರಬಹುದಾದ ತಿಂಡಿಗೆ ಒಂದು ಗಂಟೆ ಕಾಯುವುದು ಭಾನುವಾರದ ಹವ್ಯಾಸವೇ ಹೊರತು ಊಟವಲ್ಲ.

ಕೆಫೆ ಮೈಸೂರು ಇತ್ತೀಚಿನ ವರ್ಷಗಳಲ್ಲಿ ದೇಶಕ್ಕೆಲ್ಲ ಪರಿಚಯವಾದದ್ದು ಮುಕೇಶ್ ಅಂಬಾನಿ ಅವರಿಂದ. ಮಾಟುಂಗದ ರಾಸಾಯನಿಕ ತಂತ್ರಜ್ಞಾನ ವಿಭಾಗದಲ್ಲಿ ಓದಿದ ಅವರು ತಮ್ಮ ಮೆಚ್ಚಿನ ಹೋಟೆಲು ಇದೇ ಎಂದು ಹೇಳಿಕೊಂಡಿದ್ದಾರೆ. ರಾಮ ನಾಯಕರ ಮನೆತನದವರದೇ ಇಡ್ಲಿ ಹೌಸ್ ಕೂಡ ಕಿಂಗ್ಸ್ ಸರ್ಕಲ್ ಬಳಿ ಇದೆ. ಹೆಸರೇ ಹೇಳುವಂತೆ ಅಲ್ಲಿ ಇಡ್ಲಿಯ ಬಗೆಗಳೇ ಮುಖ್ಯ.

ಕರ್ನಾಟಕದಿಂದ ಹೋದವರಿಗೆ ಕೆಲವು ಪದಗಳು ಗೊಂದಲ ಉಂಟುಮಾಡಬಹುದು. ಮೆದು ವಡಾ ಎಂದರೆ ಉದ್ದಿನ ವಡೆ. ಮೈಸೂರು ಮಸಾಲೆ ಎಂದರೆ ಕೆಂಪು ಚಟ್ನಿ ಬಳಿದ ದೋಸೆ, ಆದರೆ ಮೈಸೂರಿನಲ್ಲಿ ತಿಂದ ರುಚಿಯನ್ನು ಅದರಲ್ಲಿ ಹುಡುಕಬಾರದು. ಜೈನ್ ಸಾಂಬಾರ್ ಎಂದರೆ ಈರುಳ್ಳಿ, ಬೆಳ್ಳುಳ್ಳಿ, ನೆಲದಡಿ ಬೆಳೆಯುವ ಯಾವ ತರಕಾರಿಯೂ ಇಲ್ಲದ ಹುಳಿ. ಮಾಟುಂಗದಲ್ಲಿ ಕಚ್ಛೀ ಹಾಗೂ ಗುಜರಾತಿ ಜೈನರು ದೊಡ್ಡ ಸಂಖ್ಯೆಯಲ್ಲಿದ್ದಾರೆ. ಅವರಿಗಾಗಿ ಆಲೂಗಡ್ಡೆಯ ಬದಲು ಬಾಳೆಕಾಯಿ ಹಾಕಿದ ಮಸಾಲೆ ದೋಸೆ ಹುಟ್ಟಿಕೊಂಡಿತು. ಮುಂಬೈನ ಎಷ್ಟೋ ಹೋಟೆಲುಗಳಲ್ಲಿ ಸಾಂಬಾರ್ ಸಿಹಿಯಾಗಿರುವುದಕ್ಕೆ ಗುಜರಾತಿ ನಾಲಿಗೆಯನ್ನು ದೂರುವವರಿದ್ದಾರೆ. ಉಡುಪಿಯ ಹುಳಿಗೂ ಬೆಲ್ಲ ಬೀಳುತ್ತದೆ ಎನ್ನುವುದನ್ನು ಅವರು ಮರೆತಿರುತ್ತಾರೆ.

ತಿಂಡಿಯ ನಂತರ ಪೇಟೆ ಸುತ್ತುವುದೂ ಇಲ್ಲಿನ ರೂಢಿ. ನಿಲ್ದಾಣದ ಬಳಿ ಮಲ್ಲಿಗೆ ದಂಡೆ, ಬಾಳೆಲೆ, ಕರಿಬೇವು, ಊರಿನ ತರಕಾರಿ ಸಿಗುತ್ತವೆ. ಮೈಸೂರು ಕನ್ಸರ್ನ್ಸ್ ಅಂಗಡಿಯಲ್ಲಿ ಹುರಿದ ಕಾಫಿಯ ಪರಿಮಳ ರಸ್ತೆಗೇ ಬರುತ್ತದೆ. ಇಡ್ಲಿ-ದೋಸೆ ಬೇಡ ಎನ್ನುವವರಿಗೆ ಕಿಂಗ್ಸ್ ಸರ್ಕಲ್‌ನ ಇರಾನಿ ಹೋಟೆಲು ಕೂಲರ್ ಆಂಡ್ ಕಂಪನಿ ಇದೆ. ಅಲ್ಲಿ ಆಮ್ಲೆಟ್, ಬನ್ ಮಸ್ಕಾ, ಚಹಾ. ಅವಸರವಿಲ್ಲದೆ ಕೂತು ಮಾತಾಡಲು ಉಡುಪಿ ಹೋಟೆಲಿಗಿಂತ ಇರಾನಿಯೇ ವಾಸಿ.

ತಟ್ಟೆ ತೊಳೆದ ಹುಡುಗರು

ಈ ಹೋಟೆಲುಗಳ ಚರಿತ್ರೆಯನ್ನು ಮಾಲೀಕರ ಯಶೋಗಾಥೆಯಾಗಿ ಮಾತ್ರ ಹೇಳುವುದು ರೂಢಿಯಾಗಿಬಿಟ್ಟಿದೆ. ಹತ್ತು-ಹನ್ನೆರಡರ ವಯಸ್ಸಿನಲ್ಲಿ ಊರು ಬಿಟ್ಟು ಬಂದ, ಕಪ್ಪು-ಬಸಿ ತೊಳೆದ, ಮುಂದೆ ಹೋಟೆಲಿನ ಸೇಟ್ ಆದ ಹುಡುಗನ ಕಥೆ ಅದು. ಹಾಗೆ ಆದವರು ಕೆಲವೇ ಮಂದಿ. ತೊಳೆಯುತ್ತಲೇ ಉಳಿದವರು ಸಾವಿರಾರು. ಹಗಲು ಗಿರಾಕಿಗಳು ಕೂರುತ್ತಿದ್ದ ಬೆಂಚನ್ನೇ ರಾತ್ರಿ ಹಾಸಿಗೆ ಮಾಡಿಕೊಂಡು, ಊಟ-ವಸತಿಯನ್ನೇ ಸಂಬಳದ ಭಾಗ ಎಂದು ಒಪ್ಪಿಕೊಂಡು ಬದುಕಿದವರು ಅವರು. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳ ದುಡಿಮೆಯನ್ನು ಕಾನೂನು ನಿಷೇಧಿಸಿದ್ದು 2006ರ ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಎರಡು-ಮೂರು ತಲೆಮಾರು ಕಳೆದುಹೋಗಿತ್ತು.

ಹುಡುಗರನ್ನು ಕಳಿಸಿದ್ದು ಕರಾವಳಿಯ ಬಡತನ. ಗೇಣಿ ಗದ್ದೆ, ತುಂಬು ಕುಟುಂಬ, ಮಳೆಗಾಲದಲ್ಲಿ ಕೆಲಸವಿಲ್ಲ. ಮುಂದೆ 1974ರ ಭೂಸುಧಾರಣೆ ಗೇಣಿದಾರರಿಗೆ ಭೂಮಿ ಕೊಟ್ಟಿತು. ಭೂಮಿ ಕಳೆದುಕೊಂಡ ಮನೆತನಗಳ ಮಕ್ಕಳೂ ಮುಂಬೈ ಬಸ್ಸು ಹತ್ತಿದರು. ಕೊಂಕಣ ರೈಲು ಪೂರ್ತಿಯಾದದ್ದು 1998ರಲ್ಲಿ. ಅಲ್ಲಿಯವರೆಗೆ ಊರಿನ ದಾರಿ ಎಂದರೆ ಘಟ್ಟ ಸುತ್ತುವ ಬಸ್ಸು, ಅದಕ್ಕೂ ಹಿಂದೆ ಕರಾವಳಿಯ ಹಡಗು.

ಇವರ ಪಾಲಿಗೆ ಬಾಗಿಲು ತೆರೆದದ್ದು ರಾತ್ರಿಶಾಲೆಗಳು. 20ನೇ ಶತಮಾನದ ಆರಂಭದಿಂದಲೇ ಮುಂಬೈನ ಮೊಗವೀರ, ಬಿಲ್ಲವ, ಬಂಟ ಮೊದಲಾದ ಸಮುದಾಯಗಳ ಸಂಘಟನೆಗಳು ಕನ್ನಡ ರಾತ್ರಿಶಾಲೆಗಳನ್ನು ನಡೆಸಿದವು. ಹಗಲು ಹೋಟೆಲು, ರಾತ್ರಿ ಪಾಠ. ಈ ಶಾಲೆಗಳಲ್ಲಿ ಮೆಟ್ರಿಕ್ ಮುಗಿಸಿ ಬ್ಯಾಂಕು, ಕಚೇರಿ, ವಕೀಲಿಕೆ, ಪತ್ರಿಕೋದ್ಯಮಕ್ಕೆ ಹೋದವರು ಅನೇಕ. ಅಂದರೆ ಹೋಟೆಲಿನಲ್ಲಿ ಬಡಿಸಿದವನೇ ಕೆಲವು ವರ್ಷಗಳ ನಂತರ ಅದೇ ಹೋಟೆಲಿಗೆ ಗಿರಾಕಿಯಾಗಿ ಬಂದು ಕೂರುವುದು ಇಲ್ಲಿ ಸಾಧ್ಯವಿತ್ತು. ಇಂದಿನ ಪಬ್‌ಗಳ ನೌಕರರ ವಿಷಯದಲ್ಲಿ ಹೀಗೆ ಹೇಳುವುದು ಕಷ್ಟ.

ಸಂಜೆ ಎಲ್ಲಿ?

ಊಟದ ನಂತರ ನೌಕರರಿಗೆ ಬೇಕಿದ್ದದ್ದು ಮಾತಾಡಲು ಒಂದು ಜಾಗ. ಮೈಸೂರು ಅಸೋಸಿಯೇಶನ್ 1926ರಲ್ಲಿ ಆರಂಭವಾಯಿತು. ಮಾಟುಂಗದ ಭಾವುದಾಜಿ ರಸ್ತೆಯಲ್ಲಿ ಅದರ ಕಟ್ಟಡ, ಸಭಾಂಗಣ ಇವೆ. ನಾಟಕ, ದತ್ತಿ ಉಪನ್ಯಾಸ, ಪುಸ್ತಕ ಬಿಡುಗಡೆ, ಸಂಗೀತ ಕಾರ್ಯಕ್ರಮಗಳಿಗೆ ಮುಂಬೈ ಕನ್ನಡಿಗರು ಸೇರುವುದು ಇಲ್ಲೇ. 'ನೇಸರು' ಎಂಬ ಮಾಸಪತ್ರಿಕೆಯನ್ನೂ ಸಂಸ್ಥೆ ಹೊರತರುತ್ತದೆ. 2026 ಅದರ ಶತಮಾನದ ವರ್ಷ.

ರೈಲು ಹಳಿಯ ಆಚೆ, ಮಾಟುಂಗ ಪಶ್ಚಿಮಕ್ಕೆ, ಕರ್ನಾಟಕ ಸಂಘದ ವಿಶ್ವೇಶ್ವರಯ್ಯ ಸ್ಮಾರಕ ಮಂದಿರವಿದೆ. ಸಂಘದ 'ಕಲಾಭಾರತಿ' ಹಿಂದೂಸ್ತಾನಿ ಸಂಗೀತ ಕಛೇರಿಗಳಿಗೆ ಮರಾಠಿ ರಸಿಕರೂ ಬರುತ್ತಾರೆ. ಮಳೆಗಾಲದಲ್ಲಿ ಊರಿನ ಯಕ್ಷಗಾನ ಮೇಳಗಳಿಗೆ ಬಿಡುವು. ಆಗ ಕಲಾವಿದರು ತಂಡ ಕಟ್ಟಿಕೊಂಡು ಮುಂಬೈಗೆ ಬಂದು ಕನ್ನಡ ಸಂಘಗಳ ಸಭಾಂಗಣಗಳಲ್ಲಿ ಆಟ, ತಾಳಮದ್ದಳೆ ನಡೆಸುವುದುಂಟು. ಮರಾಠಿ ರಂಗಭೂಮಿಯ ಯಶವಂತ ನಾಟ್ಯ ಮಂದಿರವೂ ಇದೇ ಭಾಗದಲ್ಲಿದೆ.

ದೊಡ್ಡ ಕಛೇರಿಗಳಿಗೆ ಷಣ್ಮುಖಾನಂದ ಸಭಾಂಗಣ. ಸಂಗೀತ ಸಭೆ ಹುಟ್ಟಿದ್ದು 1952ರಲ್ಲಿ, ಸಭಾಂಗಣ ತೆರೆದದ್ದು 1963ರಲ್ಲಿ. 1990ರಲ್ಲಿ ಬೆಂಕಿಗೆ ಆಹುತಿಯಾಯಿತು. ಮತ್ತೆ ಕಟ್ಟಿ ತೆರೆಯಲು 1998 ಬಂತು. ಸುಮಾರು 2,700 ಮಂದಿ ಕೂರುವ ಈ ಸಭಾಂಗಣ ದೇಶದ ದೊಡ್ಡ ಸಭಾಂಗಣಗಳಲ್ಲಿ ಒಂದು. ಆ ಎಂಟು ವರ್ಷ ಬಡಾವಣೆಯ ಸಂಜೆಗಳು ಎಷ್ಟು ಖಾಲಿಯಾಗಿದ್ದವು ಎಂದು ಹಳೆಯ ಶ್ರೋತೃಗಳನ್ನೇ ಕೇಳಬೇಕು.

ಸಿನಿಮಾಕ್ಕೆ ಕಿಂಗ್ಸ್ ಸರ್ಕಲ್‌ನ ಅರೋರಾ ಚಿತ್ರಮಂದಿರದ ಹೆಸರು ಹೇಳದಿದ್ದರೆ ಮಾಟುಂಗದವರು ಒಪ್ಪುವುದಿಲ್ಲ. ರಜನೀಕಾಂತ್ ಚಿತ್ರ ಬಿಡುಗಡೆಯಾದ ದಿನ ಬೆಳಗಿನ ಜಾವದ ಪ್ರದರ್ಶನ, ಪೋಸ್ಟರಿಗೆ ಹಾಲಿನ ಅಭಿಷೇಕ ಎಲ್ಲವೂ ಚೆನ್ನೈ ಮಾದರಿಯಲ್ಲೇ ಇಲ್ಲಿ ನಡೆದಿವೆ.

ಕಾಸು ಖರ್ಚಿಲ್ಲದೆ ಸಂಜೆ ಕಳೆಯಬೇಕೆಂದರೆ ಫೈವ್ ಗಾರ್ಡನ್ಸ್. ಮರಗಳ ನೆರಳು, ಓಡುವವರು, ಕ್ರಿಕೆಟ್ ಆಡುವ ಮಕ್ಕಳು, ಅಂಚಿನಲ್ಲಿ ತಿಂಡಿ ಗಾಡಿಗಳು. ಇನ್ನೊಂದು ವಿಶೇಷ ಜಾಗ ಡಾ. ಅಂಬೇಡ್ಕರ್ ರಸ್ತೆಯ ಮೇಲ್ಸೇತುವೆಯ ಕೆಳಗಿದೆ. ಅಲ್ಲಿ ಕಸ, ಅಕ್ರಮ ಪಾರ್ಕಿಂಗ್ ತುಂಬುವುದನ್ನು ತಡೆಯಲು ಸ್ಥಳೀಯ ನಿವಾಸಿಗಳು ವರ್ಷಗಟ್ಟಲೆ ಕಾವಲು ಕಾದು, ಪಾಲಿಕೆಯ ಹಿಂದೆ ಬಿದ್ದು ಉದ್ಯಾನ ಮಾಡಿಸಿದರು. 2016ರಲ್ಲಿ ತೆರೆದ ನಾನಾಲಾಲ್ ಡಿ. ಮೆಹ್ತಾ ಉದ್ಯಾನದ ಸುಮಾರು 600 ಮೀಟರ್ ಉದ್ದದ ನಡಿಗೆ ಹಾದಿ ನರ್ಮದಾ ನದಿಯ ಹರಿವನ್ನು ಹೋಲುತ್ತದೆ. ತಲೆಯ ಮೇಲೆ ವಾಹನಗಳು ಓಡುತ್ತಿರುತ್ತವೆ, ಕೆಳಗೆ ಜನ ವಾಕಿಂಗ್ ಮಾಡುತ್ತಿರುತ್ತಾರೆ.

ವರ್ಷಕ್ಕೊಮ್ಮೆ ಮಾತ್ರ ಇಡೀ ಬಡಾವಣೆ ರಾತ್ರಿಯಿಡೀ ಎಚ್ಚರವಿರುತ್ತದೆ. ಕಿಂಗ್ಸ್ ಸರ್ಕಲ್‌ನ ಜಿಎಸ್‌ಬಿ ಸೇವಾ ಮಂಡಲದ ಐದು ದಿನಗಳ ಗಣೇಶೋತ್ಸವ 1955ರಿಂದ ನಡೆಯುತ್ತಿದೆ. ಚಿನ್ನಾಭರಣಗಳಿಂದಾಗಿ ಮುಂಬೈನ ಅತಿ ಶ್ರೀಮಂತ ಗಣಪತಿ ಎಂಬ ಹೆಸರು ಅದಕ್ಕಿದೆ. 2024ರಲ್ಲಿ ಮಾಡಿಸಿದ ವಿಮೆ 400 ಕೋಟಿ ರೂಪಾಯಿ ಮೀರಿತ್ತು. ಸುದ್ದಿಯಾಗುವುದು ಚಿನ್ನ, ಆದರೆ ಕರಾವಳಿಯವರು ನೆನಪಿಟ್ಟುಕೊಳ್ಳುವುದು ಬಾಳೆಲೆಯ ಅನ್ನಸಂತರ್ಪಣೆಯನ್ನು.

ರಾತ್ರಿ ಹತ್ತೂವರೆಯ ಆಚೆ

ಮಾಟುಂಗ ಪೂರ್ವದಲ್ಲಿ ಪಬ್ ಸಂಸ್ಕೃತಿ ಹುಡುಕುವವರಿಗೆ ನಿರಾಸೆಯಾಗುತ್ತದೆ. ಹೆಸರಾಂತ ಹೋಟೆಲುಗಳಲ್ಲಿ ಹೆಚ್ಚಿನವು ಸಸ್ಯಾಹಾರಿ. ರಾತ್ರಿ ಹತ್ತು, ಹತ್ತೂವರೆಗೆ ಕುರ್ಚಿಗಳು ಮೇಜಿನ ಮೇಲೇರುತ್ತವೆ.

ಹಾಗೆಂದು ಮುಂಬೈನ ರಾತ್ರಿಜೀವನಕ್ಕೂ ಕರಾವಳಿಗೂ ಸಂಬಂಧವಿಲ್ಲ ಎಂದಲ್ಲ. 1949ರ ಪಾನನಿಷೇಧ ಕಾಯ್ದೆ ಮುಂದಿನ ದಶಕಗಳಲ್ಲಿ ಸಡಿಲವಾದಾಗ ಹುಟ್ಟಿದ 'ಪರ್ಮಿಟ್ ರೂಮ್'ಗಳನ್ನು ನಡೆಸಿದವರಲ್ಲಿ ಶೆಟ್ಟರು ಮುಂಚೂಣಿಯಲ್ಲಿದ್ದರು. ಕೆಳಗೆ ಇಡ್ಲಿ-ದೋಸೆ, ಮೇಲೆ ಎಸಿ ಬಾರ್ ಎನ್ನುವ ಮಾದರಿ ನಗರದ ತುಂಬ ಹಬ್ಬಿತು. 2005ರಲ್ಲಿ ಮಹಾರಾಷ್ಟ್ರ ಸರ್ಕಾರ ಡ್ಯಾನ್ಸ್ ಬಾರ್‌ಗಳನ್ನು ನಿಷೇಧಿಸಿದಾಗ ಹೊಡೆತ ತಿಂದವರಲ್ಲಿ ಕರಾವಳಿ ಮೂಲದ ಮಾಲೀಕರೂ ಇದ್ದರು. 2020ರ ಜನವರಿಯಲ್ಲಿ ಮಾಲ್‌ಗಳು, ಗಿರಣಿ ಆವರಣಗಳು, ಬಿಕೆಸಿಯಂಥ ವಸತಿಯೇತರ ಪ್ರದೇಶಗಳಲ್ಲಿ ಅಂಗಡಿ-ಹೋಟೆಲುಗಳು ದಿನದ 24 ಗಂಟೆಯೂ ತೆರೆದಿರಬಹುದು ಎಂದು ಸರ್ಕಾರ ಹೇಳಿತು. ಆದರೆ ಮಾಟುಂಗ ಜನ ವಾಸವಿರುವ ಬಡಾವಣೆ. ಮೇಲಿನ ಮಹಡಿಯಲ್ಲಿ ಮಲಗಿದವರಿರುವಾಗ ಕೆಳಗೆ ರಾತ್ರಿ ಎರಡರವರೆಗೆ ಸಂಗೀತ ನಡೆಯುವಂತಿಲ್ಲ. ಬೆಳಗ್ಗೆ ಐದಕ್ಕೆ ತೆರೆಯುವ ಹೋಟೆಲಿಗೆ ರಾತ್ರಿ ಮಲಗುವುದೂ ಬೇಕು.

ಬಾಡಿಗೆಯ ಲೆಕ್ಕ

ಇಷ್ಟು ಕಡಿಮೆ ದರದಲ್ಲಿ ಊಟ ಕೊಡಲು ವೇಗವೊಂದೇ ಸಾಲದು. ಇನ್ನೊಂದು ಕಾರಣ ಹಳೆಯ ಬಾಡಿಗೆ. 1947ರ ಬಾಂಬೆ ಬಾಡಿಗೆ ಕಾಯ್ದೆ, ಅದರ ಬದಲಿಗೆ ಬಂದ 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಹಳೆಯ ಬಾಡಿಗೆದಾರರಿಗೆ ರಕ್ಷಣೆ ಕೊಟ್ಟಿವೆ. ಮುಂಬೈ ಮಾತಿನಲ್ಲಿ ಹೇಳುವುದಾದರೆ ಪಗಡಿ ಪದ್ಧತಿ. ಆರಂಭದಲ್ಲಿ ದೊಡ್ಡ ಮೊತ್ತ ಕೊಟ್ಟು ಹಿಡಿದ ಜಾಗಕ್ಕೆ ತಿಂಗಳ ಬಾಡಿಗೆ ಇಂದಿನ ಮಾರುಕಟ್ಟೆ ದರದ ಹತ್ತಿರಕ್ಕೂ ಬರುವುದಿಲ್ಲ. ಮಾರುಕಟ್ಟೆ ಬಾಡಿಗೆ ಕೊಡಬೇಕಾಗಿ ಬಂದರೆ ಇಡ್ಲಿಯ ಬೆಲೆ ಬಿಕೆಸಿಯ ಬೆಲೆಯೇ ಆಗುತ್ತದೆ.

ಈಗ ಮಾಟುಂಗದ 80-90 ವರ್ಷ ಹಳೆಯ ಕಟ್ಟಡಗಳು ಒಂದೊಂದಾಗಿ ಮರುನಿರ್ಮಾಣಕ್ಕೆ ಹೋಗುತ್ತಿವೆ. ನಾಲ್ಕು ಅಂತಸ್ತಿನ ಜಾಗದಲ್ಲಿ ಎತ್ತರದ ಗೋಪುರ ಏಳುತ್ತದೆ. ನಿವಾಸಿಗಳಿಗೆ ಇದು ಬೇಕಾದ ಬದಲಾವಣೆಯೇ: ಸೋರುವ ಗೋಡೆ, ಲಿಫ್ಟ್ ಇಲ್ಲದ ಮೆಟ್ಟಿಲು ಯಾರಿಗೂ ಪ್ರೀತಿಯಲ್ಲ. ಆದರೆ ಕೆಳಗಿನ ಹೋಟೆಲಿಗೆ ಕಟ್ಟಡ ಮುಗಿಯುವವರೆಗಿನ ವರ್ಷಗಳನ್ನು ಎಲ್ಲಿ ಕಳೆಯುವುದು ಎನ್ನುವುದೇ ಮೊದಲ ಪ್ರಶ್ನೆ. ನಾಲ್ಕು ವರ್ಷ ಬಾಗಿಲು ಹಾಕಿದರೆ ಗಿರಾಕಿಯೂ ಅಡುಗೆಯವರೂ ಚದುರಿಹೋಗುತ್ತಾರೆ. ಹೊಸ ಕಟ್ಟಡದಲ್ಲಿ ಜಾಗ ಸಿಕ್ಕರೂ ನಿರ್ವಹಣಾ ಶುಲ್ಕ, ಹೊಗೆ ಕೊಳವೆಗೆ ಮೇಲಿನವರ ಒಪ್ಪಿಗೆ ಇವೆಲ್ಲ ಹೊಸ ತಲೆನೋವು.

ಎರಡನೆಯ ಸಮಸ್ಯೆ ಕೆಲಸಗಾರರದ್ದು. ಕುಂದಾಪುರ, ಕಾರ್ಕಳದ ಹುಡುಗರು ಈಗ ತಟ್ಟೆ ತೊಳೆಯಲು ಮುಂಬೈಗೆ ಬರುವುದಿಲ್ಲ. ಓದಿ ಬೆಂಗಳೂರಿಗೋ ಗಲ್ಫಿಗೋ ಹೋಗುತ್ತಾರೆ. ಇದು ಒಳ್ಳೆಯ ಸುದ್ದಿಯೇ. ಅವರ ಜಾಗಕ್ಕೆ ಉತ್ತರ ಪ್ರದೇಶ, ಬಿಹಾರ, ಜಾರ್ಖಂಡ್‌ನ ಯುವಕರು ಬಂದಿದ್ದಾರೆ. ದೋಸೆ ಕಾವಲಿಯ ಮುಂದೆ ನಿಂತವರ ಬಾಯಲ್ಲಿ ತುಳುವಿನ ಬದಲು ಭೋಜಪುರಿ ಕೇಳಿಸಿದರೆ ಆಶ್ಚರ್ಯಪಡಬೇಕಿಲ್ಲ. ರುಚಿ ಕೆಟ್ಟಿತು ಎಂದು ಗೊಣಗುವ ಹಿರಿಯರಿದ್ದಾರೆ. ಹಿಟ್ಟಿನ ಹದ ಯಾರ ಕೈಗೂ ಜನ್ಮತಃ ಬಂದಿರುವುದಿಲ್ಲ, ಕಲಿಸಿದರೆ ಬರುತ್ತದೆ. ಈ ಹೊಸ ಹುಡುಗರಿಗೆ ರಾತ್ರಿಶಾಲೆ ಇಲ್ಲ ಎನ್ನುವುದು ಅದಕ್ಕಿಂತ ದೊಡ್ಡ ಕೊರತೆ.

ಮಾಲೀಕರ ಮಕ್ಕಳಲ್ಲಿ ಎಂಜಿನಿಯರ್, ಲೆಕ್ಕಪರಿಶೋಧಕರಾದವರೂ ಇದ್ದಾರೆ, ಓದು ಮುಗಿಸಿ ಗಲ್ಲಾಕ್ಕೆ ಮರಳಿದವರೂ ಇದ್ದಾರೆ. ಕೆಫೆ ಮದ್ರಾಸ್, ಕೆಫೆ ಮೈಸೂರಿನಂಥ ಕಡೆ ಸ್ಥಾಪಕರ ನಂತರದ ತಲೆಮಾರುಗಳೇ ನಿಂತು ನಡೆಸುತ್ತಿವೆ.

ಹೋಗುವವರಿಗೆ

ಬಿಕೆಸಿ ಕಡೆಯಿಂದ ಟ್ಯಾಕ್ಸಿ ಸುಲಭ, ಆದರೆ ಸಂಜೆ ಆರರಿಂದ ಎಂಟರವರೆಗೆ ಸಯನ್ ಸುತ್ತಮುತ್ತ ವಾಹನ ದಟ್ಟಣೆ ಇರುತ್ತದೆ. ಫೋರ್ಟ್, ಸಿಎಸ್‌ಎಂಟಿ ಕಡೆಯಿಂದ ಬರುವವರು ಸೆಂಟ್ರಲ್ ಮಾರ್ಗದ ನಿಧಾನ ಲೋಕಲ್ ಹಿಡಿದು ಮಾಟುಂಗದಲ್ಲಿ ಇಳಿಯಬೇಕು, ವೇಗದ ಲೋಕಲ್ ಇಲ್ಲಿ ನಿಲ್ಲುವುದಿಲ್ಲ. ಈ ನಿಲ್ದಾಣಕ್ಕೂ ಒಂದು ವಿಶೇಷವಿದೆ: 2017ರಿಂದ ಇಲ್ಲಿನ ಸಿಬ್ಬಂದಿ ಪೂರ್ತಿ ಮಹಿಳೆಯರೇ. ಅದಕ್ಕಾಗಿ ಮರುವರ್ಷದ ಲಿಮ್ಕಾ ದಾಖಲೆ ಪುಸ್ತಕದಲ್ಲಿ ಹೆಸರು ಬಂತು.

ರಾಮ ನಾಯಕ್ ಬೋರ್ಡಿಂಗ್‌ನಲ್ಲಿ ಊಟ ಮಧ್ಯಾಹ್ನ ಮತ್ತು ರಾತ್ರಿ ಮಾತ್ರ. ನಡುವೆ ಹೋದರೆ ಮುಚ್ಚಿದ ಬಾಗಿಲು. ಬೋರ್ಡಿಂಗ್‌ಗೂ ಕೆಫೆ ಮದ್ರಾಸಿಗೂ ಸೋಮವಾರ ರಜೆ. ಸೋಮವಾರವೇ ಬಿಡುವಿರುವವರು ಬೆಳಗ್ಗೆ ಬೇಗ ಎದ್ದು ರಾಮ ಆಶ್ರಯದ ಹಲಗೆಯಲ್ಲಿ ಏನು ಬರೆದಿದೆ ಎಂದು ನೋಡಬಹುದು.